ಏರುವ ಮುಂಚೆ ಕೇಳಬೇಕಾದ್ದು

ಎತ್ತರದ ಕೆಲಸ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಚಿತ್ರದುರ್ಗ ಜಿಲ್ಲೆಯ ಗುಡ್ಡಸಾಲುಗಳ ಮೇಲೆ ತಿರುಗುವ ಗಾಳಿಯಂತ್ರಗಳು ಹೆದ್ದಾರಿಯಲ್ಲಿ ಹೋಗುವ ಎಲ್ಲರಿಗೂ ಕಾಣುತ್ತವೆ. ಅವುಗಳ ನೆತ್ತಿಗೆ ಹತ್ತಿ ಬೋಲ್ಟು ಬಿಗಿಯುವವರು ಕಾಣುವುದಿಲ್ಲ. ಹೊಸದುರ್ಗದಲ್ಲಿ ತೆಂಗು ಹತ್ತುವವರು, ಹೊಳಲ್ಕೆರೆಯಲ್ಲಿ ಅಡಿಕೆ ಕೊಯ್ಯುವವರು, ಕಂಬ ಏರುವ ಪವರ್‌ಮ್ಯಾನ್‌ಗಳು, ಓವರ್‌ಹೆಡ್ ಟ್ಯಾಂಕಿನ ನೀರುಗಂಟಿಗಳು, ಸಾರುವೆ ಮೇಲೆ ನಿಂತು ಬಣ್ಣ ಬಳಿಯುವವರು, ಇವರೆಲ್ಲರದ್ದೂ ಅದೇ ಪಾಡು. ಇಂಥ ಕೆಲಸ ಮಾಡುವವರಿಂದ, ಅವರ ಮನೆಯವರಿಂದ ಪತ್ರ ಕೇಳಿದ್ದೆವು. ಬಂದವುಗಳಲ್ಲಿ ಆಯ್ದ ಕೆಲವಕ್ಕೆ, ಗಾಳಿಯಂತ್ರ ಮತ್ತು ವಿದ್ಯುತ್ ಗೋಪುರಗಳ ಮೇಲೆ ದುಡಿದು ಈಗ ಎತ್ತರದ ಕೆಲಸದ ಸುರಕ್ಷತೆ ಕಲಿಸುತ್ತಿರುವ ತರಬೇತುದಾರರೊಬ್ಬರು ಇಲ್ಲಿ ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರು ಬಿಟ್ಟಿದ್ದೇವೆ.

ಮಗನನ್ನು ಕಳಿಸಲೋ ಬೇಡವೋ?

*ನನ್ನ ಮಗ ಐಟಿಐ ಎಲೆಕ್ಟ್ರಿಕಲ್ ಮುಗಿಸಿದ್ದಾನೆ. ಗಾಳಿ ಫ್ಯಾನಿನ ಕಂಪನಿಗೆ ಜನ ಒದಗಿಸುವ ಏಜೆನ್ಸಿಯಲ್ಲಿ ಟೆಕ್ನೀಷಿಯನ್ ಕೆಲಸ ಸಿಕ್ಕಿದೆ. ನಮ್ಮೂರ ಗುಡ್ಡದ ಮೇಲಿನ ಫ್ಯಾನು ನೋಡಿದರೇ ನನಗೆ ಎದೆ ಝಲ್ಲೆನ್ನುತ್ತದೆ. ‘ಏನೂ ಆಗಲ್ಲಮ್ಮ, ಏಣಿ ಒಳಗೇ ಇರುತ್ತೆ’ ಅಂತಾನೆ. ಏನು ಮಾಡಲಿ?*
– ತಾಯಿ, ಹಿರಿಯೂರು ತಾಲ್ಲೂಕು

ಮಗ ಹೇಳಿದ್ದು ನಿಜ ತಾಯಿ, ಆದರೆ ಅರ್ಧ ನಿಜ. ಹೆಚ್ಚಿನ ಯಂತ್ರಗಳಲ್ಲಿ ಏಣಿ ಉಕ್ಕಿನ ಕೊಳವೆಯ ಒಳಗೇ ಇರುತ್ತದೆ. ಹಳೆಯ ಯಂತ್ರಗಳ ನೆತ್ತಿ 50ರಿಂದ 60 ಮೀಟರು, ಹೊಸವು 100 ಮೀಟರು ದಾಟುತ್ತವೆ, 140ರವೂ ಬಂದಿವೆ. 100 ಮೀಟರೆಂದರೆ ಮೂವತ್ತು ಅಂತಸ್ತಿನ ಕಟ್ಟಡ. ಏಣಿಯ ಪಕ್ಕದಲ್ಲಿ ಒಂದು ಹಳಿಯೋ ತಂತಿಯೋ ಇರುತ್ತದೆ. ಹತ್ತುವವನ ಎದೆಯ ಕೊಂಡಿ ಅದಕ್ಕೆ ಸಿಕ್ಕಿರುತ್ತದೆ. ಕಾಲು ಜಾರಿದರೆ ಅದು ಕಚ್ಚಿ ಹಿಡಿಯುತ್ತದೆ. ಹಾಗಾಗಿ ನಿಮ್ಮನ್ನು ಹೆದರಿಸುವ ಆ ಉದ್ದದ ಏಣಿ, ಕೊಂಡಿ ಸರಿಯಾಗಿದ್ದರೆ, ಅಷ್ಟು ಅಪಾಯದ ಜಾಗವಲ್ಲ.

ಅಪಾಯ ಇರುವುದು ಬೇರೆ ಕಡೆ: ಏಣಿಯಿಂದ ಅಟ್ಟಕ್ಕೆ ಕಾಲಿಡುವಾಗ ಕೊಂಡಿ ಬಿಚ್ಚುವ ಆ ಒಂದು ಗಳಿಗೆ, ಮೇಲಿನ ಯಂತ್ರದ ಕೋಣೆಯ ಛಾವಣಿ ಮೇಲೆ ಹೊರಗೆ ಬರುವ ಹೊತ್ತು, ರೆಕ್ಕೆಗಳು ಕೂಡುವ ಹಬ್‌ನೊಳಗೆ ನುಸುಳುವುದು, ಕರೆಂಟು ತೆಗೆದ ಮೇಲೂ ಚಾರ್ಜು ಉಳಿಸಿಕೊಂಡ ಪ್ಯಾನೆಲ್ಲು, ಕಡಿದಾದ ಗುಡ್ಡದ ದಾರಿಯಲ್ಲಿ ಓಡುವ ಜೀಪು. ಇವು ಯಾವುವೂ ಕೆಳಗಿನಿಂದ ನೋಡುವವರ ಲೆಕ್ಕಕ್ಕೆ ಬರುವುದಿಲ್ಲ.

ಕಳಿಸುವ ಮುಂಚೆ ಅವನಿಂದ ಏಜೆನ್ಸಿಗೆ ಐದು ಪ್ರಶ್ನೆ ಕೇಳಿಸಿ. ಒಂದು, ತರಬೇತಿ ಯಾವುದು? ಗಾಳಿ ಉದ್ಯಮಕ್ಕೆ ಗ್ಲೋಬಲ್ ವಿಂಡ್ ಆರ್ಗನೈಸೇಷನ್ ರೂಪಿಸಿದ ಪಾಠಕ್ರಮವಿದೆ. ಎತ್ತರದ ಕೆಲಸ, ಪ್ರಥಮ ಚಿಕಿತ್ಸೆ, ಬೆಂಕಿ, ಭಾರ ಎತ್ತುವ ರೀತಿ ಅದರಲ್ಲಿ ಬರುತ್ತವೆ. ಎರಡು ವರ್ಷಕ್ಕೊಮ್ಮೆ ಮತ್ತೆ ಕಲಿತು ತೇರ್ಗಡೆಯಾಗಬೇಕು. ಎರಡು, ಒಬ್ಬನನ್ನೇ ಹತ್ತಿಸುತ್ತಾರೆಯೇ? ಹತ್ತಿಸುವುದಾದರೆ ಆ ಕೆಲಸ ಬೇಡ. ಮೂರು, ಮೇಲಿಂದ ಹಗ್ಗದಲ್ಲಿ ಇಳಿಸುವ ರಕ್ಷಣಾ ಸಾಧನ ಪ್ರತಿ ಸಲವೂ ಜೊತೆಗಿರುತ್ತದೆಯೇ, ಅದನ್ನು ಬಳಸಿ ಅಭ್ಯಾಸ ಮಾಡಿಸಿದ್ದಾರೆಯೇ? ನಾಲ್ಕು, ಸೇರಿಸಿಕೊಳ್ಳುವ ಮುಂಚೆ ರಕ್ತದೊತ್ತಡ, ಸಕ್ಕರೆ, ಫಿಟ್ಸ್, ಕಿವಿಯ ಸಮತೋಲನ ಪರೀಕ್ಷೆ ಮಾಡಿಸುತ್ತಾರೆಯೇ? ಐದು, ನೇಮಕಾತಿ ಪತ್ರ ಯಾರ ಹೆಸರಲ್ಲಿ, ಪಿಎಫ್ ಮತ್ತು ವಿಮೆ ಯಾರು ಕಟ್ಟುತ್ತಾರೆ?

ಐದಕ್ಕೂ ಕಾಗದದ ಮೇಲೆ ಉತ್ತರ ಕೊಟ್ಟರೆ ಧೈರ್ಯವಾಗಿ ಕಳಿಸಿ. ‘ಅದೆಲ್ಲ ಆಮೇಲೆ ನೋಡೋಣ, ನಾಳೆಯಿಂದ ಬಾ’ ಅಂದರೆ ಅದೇ ನಿಮಗೆ ಉತ್ತರ.

ಗಾಳಿ ಜೋರಿದ್ದಾಗ ಹತ್ತು ಅಂದರೆ?

*ನಾನು ಹೊಸದುರ್ಗದ ಕಡೆಯ ಗಾಳಿಯಂತ್ರಗಳಲ್ಲಿ ಕೆಲಸ ಮಾಡುತ್ತೇನೆ. ಆಷಾಢದಲ್ಲಿ ಗಾಳಿ ಜೋರಿದ್ದಾಗಲೇ ಮಷೀನು ನಿಲ್ಲುತ್ತದೆ. ಆಗಲೇ ಫೋನ್ ಮೇಲೆ ಫೋನು. ಗಾಳಿ ಇಳಿಯಲಿ ಅಂದರೆ ‘ಪುಕ್ಕಲ’ ಅಂತಾರೆ. ಒಲ್ಲೆ ಅನ್ನುವ ಹಕ್ಕು ನನಗಿದೆಯೇ?*
– ಟೆಕ್ನೀಷಿಯನ್, ಹೊಸದುರ್ಗ

ಫೋನ್ ಯಾಕೆ ಬರುತ್ತದೆ ಎಂಬುದು ಮೊದಲು ತಿಳಿದಿರಲಿ. ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿರುವ ಶಕ್ತಿ ಎಂಟರಷ್ಟಾಗುತ್ತದೆ. ನಮ್ಮ ಗುಡ್ಡಗಳಲ್ಲಿ ವರ್ಷದ ವಿದ್ಯುತ್ತಿನ ದೊಡ್ಡ ಪಾಲು ಮುಂಗಾರಿನ ಗಾಳಿಯಲ್ಲೇ ಹುಟ್ಟುತ್ತದೆ. ಅಂದರೆ ಕಂಪನಿಗೆ ಒಂದೊಂದು ಗಂಟೆಯೂ ದುಬಾರಿಯಾದ ದಿನಗಳೇ ನಿಮಗೆ ಹತ್ತಲು ಅತಿ ಕೆಟ್ಟ ದಿನಗಳು. ಈ ಜಗ್ಗಾಟ ಆ ಕೆಲಸದಲ್ಲೇ ಇದೆ. ಅದಕ್ಕೇ ಹತ್ತಬೇಕೋ ಬೇಡವೋ ಎಂಬುದನ್ನು ಆ ಹೊತ್ತಿನ ಧೈರ್ಯಕ್ಕೆ ಬಿಡಬಾರದು, ಮುಂಚೆಯೇ ಬರೆದಿಟ್ಟ ಅಂಕಿಗೆ ಬಿಡಬೇಕು.

ಯಂತ್ರ ಸೆಕೆಂಡಿಗೆ ಸುಮಾರು 25 ಮೀಟರು ಗಾಳಿಯವರೆಗೂ ತಿರುಗೀತು. ಮನುಷ್ಯರ ಮಿತಿ ಅದಕ್ಕಿಂತ ಎಷ್ಟೋ ಕೆಳಗಿದೆ. ಕೋಣೆಗೆ ಹೋಗಲು ಒಂದು ಮಿತಿ, ಛಾವಣಿಗೆ ಬರಲು ಇನ್ನೊಂದು, ಹಬ್‌ಗೆ ಇಳಿಯಲು ಮತ್ತೊಂದು ಎಂದು ಯಂತ್ರ ತಯಾರಿಸಿದವರ ಕೈಪಿಡಿಯಲ್ಲೇ ಬರೆದಿರುತ್ತದೆ. ಆ ಪುಟದ ಫೋಟೊ ನಿಮ್ಮ ಫೋನಿನಲ್ಲಿರಲಿ. ನೆಲದ ಮೇಲೆ ಅಂಗಿ ಹಾರುತ್ತಿದೆಯೋ ಇಲ್ಲವೋ ಎಂದು ಅಳೆಯಬೇಡಿ. ನೆತ್ತಿಯ ಗಾಳಿಮಾಪಕದ ಓದನ್ನೇ ನೋಡಿ. ಸರಾಸರಿ ಮಾತ್ರವಲ್ಲ, ನಡುನಡುವೆ ಬೀಸುವ ಹೊಡೆತವನ್ನೂ ನೋಡಿ.

‘ಆಗಲ್ಲ’ ಎನ್ನುವ ಬದಲು ಹೀಗೆ ಸಂದೇಶ ಕಳಿಸಿ: ‘ಕೈಪಿಡಿಯ ಮಿತಿ ಇಷ್ಟು. ಈಗಿನ ಓದು ಇಷ್ಟು. ದೂರದಿಂದ ರೀಸೆಟ್ ಮಾಡಿ ನೋಡಿ. ಗಾಳಿ ಮಿತಿಗೆ ಇಳಿದ ಕೂಡಲೇ ಇಬ್ಬರೂ ಹತ್ತುತ್ತೇವೆ.’ ಇದನ್ನು ಓದಿದ ಮೇಲೂ ‘ಹತ್ತು’ ಎಂದು ಬರೆದು ಕಳಿಸುವ ಮೇಲಧಿಕಾರಿ ಅಪರೂಪ. ಬಾಯಲ್ಲಿ ಹೇಳುವುದು ಸುಲಭ, ಬರೆದು ಹೊಣೆ ಹೊರುವುದು ಕಷ್ಟ.

ಕಾನೂನೂ ನಿಮ್ಮ ಕಡೆ ಇದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ–2020ರ ಪ್ರಕಾರ, ಪ್ರಾಣಕ್ಕೋ ದೇಹಕ್ಕೋ ತಕ್ಷಣದ ಅಪಾಯವಿದೆ ಎಂದು ನಂಬಲು ಕಾರಣವಿದ್ದರೆ ಅದನ್ನು ಮಾಲೀಕರ ಮತ್ತು ಸರ್ಕಾರಿ ಪರಿವೀಕ್ಷಕರ ಗಮನಕ್ಕೆ ತರುವ ಹಕ್ಕು ಕೆಲಸಗಾರನಿಗಿದೆ.

ಇನ್ನೆರಡು ಮಾತು. ರೋಟರ್ ಲಾಕ್ ಹಾಕದೆ ಹಬ್‌ಗೆ ಇಳಿಯಬೇಡಿ. ಸ್ವಿಚ್ಚಿಗೆ ಹಾಕುವ ಬೀಗ ನಿಮ್ಮದೇ ಆಗಿರಲಿ, ಕೀಲಿ ನಿಮ್ಮ ಜೇಬಿನಲ್ಲೇ ಇರಲಿ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿಸಿದರೆ ಕೆಲಸ ಅಲ್ಲಿಗೇ ಬಿಟ್ಟು ಇಳಿಯಿರಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ.

ವರ್ಷಗಟ್ಟಲೆ ಹತ್ತಿದವನಿಗೆ ಬೆಲ್ಟು ಯಾಕೆ?

*ಹುಡುಗನಾಗಿದ್ದಾಗಿಂದ ತೆಂಗಿನ ಮರ ಹತ್ತುತ್ತಿದ್ದೇನೆ. ಈಗ 45 ದಾಟಿದೆ, ಮಂಡಿ ನೋವು. ಮಗ ಮಷೀನು ತಗೋ, ಬೆಲ್ಟು ಕಟ್ಟಿಕೋ ಅಂತಾನೆ. ನಮ್ಮಪ್ಪ, ತಾತ ಯಾರೂ ಕಟ್ಟಲಿಲ್ಲ. ಬಿದ್ದರೆ ಏನಾದರೂ ದುಡ್ಡು ಬರುತ್ತದಾ ಅದನ್ನೂ ತಿಳಿಸಿ.*
– ಕಾಯಿ ಕೀಳುವವರು, ಹೊಸದುರ್ಗ ತಾಲ್ಲೂಕು

ನಿಮ್ಮ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ ಅಣ್ಣಾ. ಆದರೆ ಮರದಿಂದ ಬಿದ್ದವರಲ್ಲಿ ಹತ್ತಲು ಬಾರದವರು ಕಡಿಮೆ. ಬಾರದವನು ಹತ್ತುವುದೇ ಇಲ್ಲವಲ್ಲ. ಬೀಳಿಸುವುದು ಹತ್ತಿದವನ ಕೈಯಲ್ಲಿ ಇಲ್ಲದ ಸಂಗತಿಗಳು: ಒಣಗಿದ ಗರಿಯ ಬುಡ ಕಿತ್ತು ಬರುವುದು, ಮಳೆ ನಿಂತ ಮೇಲಿನ ಪಾಚಿ, ಸುಳಿಯೊಳಗಿನ ಕಣಜ, ಕೆಂಪಿರುವೆ, ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿದ್ದು ಬಂದ ತಲೆಸುತ್ತು. 60 ಅಡಿ ಮೇಲಿಂದ ಬಿದ್ದರೆ ನೆಲ ಮುಟ್ಟಲು ಎರಡು ಸೆಕೆಂಡೂ ಬೇಕಿಲ್ಲ. ಮುಟ್ಟುವಾಗಿನ ವೇಗ ಗಂಟೆಗೆ 65 ಕಿಲೋಮೀಟರಿಗೂ ಹೆಚ್ಚು. ಅಷ್ಟರಲ್ಲಿ ಯಾವ ಅನುಭವವೂ ಕೆಲಸಕ್ಕೆ ಬರುವುದಿಲ್ಲ.

ಮಂಡಿ ನೋವಿಗೆ ಮಷೀನು ಒಳ್ಳೆಯದೇ. ನಿಂತು ಹತ್ತುವ ಮಾದರಿ ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಜೋಸೆಫ್ ಎಂಬ ರೈತರ ಕಲ್ಪನೆ. ಕೂತು ಹತ್ತುವ ಮಾದರಿಯೂ ಇದೆ, ನಿಮ್ಮ ಮಂಡಿಗೆ ಅದು ಹಗುರ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಮರ ಹತ್ತುವವರಿಗೆ ಯಂತ್ರದ ತರಬೇತಿ ನಡೆಸುತ್ತ ಬಂದಿದೆ. ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಒಂದು ಎಚ್ಚರ: ಯಂತ್ರ ಹಿಡಿಯುವುದು ಮರವನ್ನು, ನಿಮ್ಮನ್ನಲ್ಲ. ಮರಕ್ಕೆ ಸುತ್ತಿದ ಹಗ್ಗಕ್ಕೆ ಕೂಡಿದ ಬೆಲ್ಟು ಬೇರೆಯೇ ಬೇಕು. ಅದೂ ಸೊಂಟಕ್ಕೆ ಮಾತ್ರ ಕಟ್ಟುವುದಲ್ಲ, ತೊಡೆ ಮತ್ತು ಭುಜ ಹಿಡಿಯುವ ಪೂರ್ತಿ ಬೆಲ್ಟು. ಬರಿಯ ಸೊಂಟದ ಬೆಲ್ಟು ಬೀಳುವಾಗ ಹೊಟ್ಟೆ, ಬೆನ್ನಿಗೆ ಪೆಟ್ಟು ಕೊಡುತ್ತದೆ.

ದುಡ್ಡಿನ ವಿಷಯ. ತೆಂಗಿನ ಮರ ಹತ್ತುವವರಿಗೆಂದೇ ಮಂಡಳಿಯ ‘ಕೇರ ಸುರಕ್ಷಾ’ ಅಪಘಾತ ವಿಮೆ ಇದೆ. ಕಂತಿನ ದೊಡ್ಡ ಪಾಲನ್ನು ಮಂಡಳಿಯೇ ಕಟ್ಟುತ್ತದೆ, ನಿಮ್ಮ ಪಾಲು ಚಿಕ್ಕದು. ಮರ ಹತ್ತುವವರೆಂದು ದೃಢೀಕರಣ ಮಾತ್ರ ಬೇಕು. ಇದರ ಜೊತೆಗೆ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಿ. ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಅಂಗವಿಕಲರಾದರೆ 2 ಲಕ್ಷ. ಎರಡನ್ನೂ ಮಾಡಿಸಿ. ಮಾಡಿಸಿದ್ದು ಹೆಂಡತಿಗೆ ಗೊತ್ತಿರಲಿ. ಗೊತ್ತಿಲ್ಲದ ವಿಮೆ ಮನೆಗೆ ಬರುವುದಿಲ್ಲ.

ಒಂದು ವೇಳೆ ಜೊತೆಗಾರ ಬಿದ್ದರೆ ಕೈಕಾಲು ಹಿಡಿದು ಎತ್ತಬೇಡಿ, ಕೂರಿಸಬೇಡಿ, ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೋಗಲೇಬೇಡಿ. ಬೆನ್ನುಮೂಳೆ ಮುರಿದಿದ್ದರೆ ಉಳಿದ ನರವೂ ಆಗ ಹೋಗುತ್ತದೆ. ತಲೆ ಕತ್ತು ಅಲುಗದಂತೆ ಒಬ್ಬರು ಹಿಡಿದಿರಿ, 108ಕ್ಕೆ ಕರೆ ಮಾಡಿ.

ದೋಟಿ ತಂದರೆ ಚಿಂತೆ ಮುಗಿಯಿತೇ?

*ಹೊಳಲ್ಕೆರೆ ತಾಲ್ಲೂಕಿನಲ್ಲಿ ಎರಡು ಎಕರೆ ಅಡಿಕೆ ಇದೆ. ಮರ ಹತ್ತುವವರು ಸಿಗುತ್ತಿಲ್ಲ. ಚೇಣಿದಾರರು ಕರೆತರುವ ಹುಡುಗರು ಮಳೆಯಲ್ಲೂ ಒಂದು ಮರದಿಂದ ಇನ್ನೊಂದಕ್ಕೆ ತೂಗಿ ಹಾಯುವುದು ನೋಡಿದರೆ ಭಯ. ಕಾರ್ಬನ್ ಫೈಬರ್ ದೋಟಿ ಕೊಳ್ಳಬೇಕೆಂದಿದ್ದೇನೆ. ನೆಲದ ಮೇಲೆ ನಿಂತು ಕೊಯ್ದರೆ ಅಪಾಯವೇ ಇಲ್ಲವಲ್ಲ?*
– ಬೆಳೆಗಾರ, ಹೊಳಲ್ಕೆರೆ

ಬೀಳುವ ಅಪಾಯ ಹೋಗುತ್ತದೆ, ಕರೆಂಟಿನ ಅಪಾಯ ಬರುತ್ತದೆ. ದೋಟಿ ಕೊಂಡವರಿಗೆ ಅಂಗಡಿಯವರು ಮೊದಲು ಹೇಳಬೇಕಾದ ಮಾತು ಇದು. ಅಲ್ಯೂಮಿನಿಯಂ ವಿದ್ಯುತ್ ಹರಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕಾರ್ಬನ್ ಫೈಬರ್ ಕೂಡ ಹರಿಸುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ, ಅದೇ ಮೋಸ. ನೆನೆದ ಬಿದಿರೂ ನಂಬುವಂಥದ್ದಲ್ಲ.

ತೋಟದ ಮೇಲೆ ಅಥವಾ ಬದುವಿನಲ್ಲಿ 11 ಕೆ.ವಿ. ತಂತಿ ಹಾದಿದ್ದರೆ ಒಂದೇ ಲೆಕ್ಕ ಇಟ್ಟುಕೊಳ್ಳಿ. ದೋಟಿ ಪೂರ್ತಿ ಬಿಚ್ಚಿದಾಗ ಎಷ್ಟು ಉದ್ದವೋ ಅದಕ್ಕಿಂತ ನಾಲ್ಕಾರು ಮಾರು ಹೆಚ್ಚಿನ ದೂರದೊಳಗಿನ ಮರಗಳಿಗೆ ದೋಟಿ ತರಬೇಡಿ. ಯಾಕೆಂದರೆ ಅವಘಡ ಆಗುವುದು ಗೊನೆ ಕೊಯ್ಯುವಾಗಲ್ಲ. ಕೊಯ್ದ ಮೇಲೆ ತೂಕ ತಪ್ಪಿ ದೋಟಿ ಬಾಗಿದಾಗ, ಇಲ್ಲವೆ ನಿಲ್ಲಿಸಿಕೊಂಡೇ ಮುಂದಿನ ಸಾಲಿಗೆ ನಡೆಯುವಾಗ. ಆ ಮರಗಳಿಗೆ ಸುಣ್ಣದಲ್ಲಿ ಗುರುತು ಹಾಕಿ. ಅವನ್ನು ಕೊಯ್ಯುವ ದಿನ ಬೆಸ್ಕಾಂನವರಿಗೆ ಹೇಳಿ ಲೈನು ತೆಗೆಸಿ. ತಂತಿ ಜೋತು ಬಿದ್ದಿದ್ದರೆ ಎತ್ತರಿಸಲು ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ದೋಟಿ ಹಿಡಿದವನಿಗೆ ಹೆಲ್ಮೆಟ್ಟು, ಕಣ್ಣಿಗೆ ಕನ್ನಡಕ ಕೊಡಿ. ಕತ್ತು ಹಿಡಿದುಕೊಳ್ಳುವ ಮುಂಚೆ ಆಳು ಬದಲಿಸಿ.

ಏರಲೇಬೇಕಾದ ಮರಗಳಿಗೆ ಮೋಟಾರು ಯಂತ್ರವೂ ಇದೆ. ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಕೃಷಿಕ ಗಣಪತಿ ಭಟ್ಟರು ರೂಪಿಸಿದ, ಕೂತು ಏರುವ ಅಡಿಕೆ ಮರದ ಬೈಕು 2019ರಲ್ಲಿ ಎಲ್ಲ ಕಡೆ ಸುದ್ದಿಯಾಗಿತ್ತು. ಅದಕ್ಕೂ ಒಣಗಿದ, ನೇರ, ಗಟ್ಟಿ ಮರವೇ ಬೇಕು. ಮಳೆಯಲ್ಲಿ ತೊಯ್ದ ಮರಕ್ಕೆ ಯಂತ್ರವೂ ಜಾರುತ್ತದೆ, ಮನುಷ್ಯನೂ ಜಾರುತ್ತಾನೆ. ಚೇಣಿ ಕೊಡುವಾಗಲೇ ‘ಮರ ಒಣಗದೆ ಹತ್ತಿಸುವ ಹಾಗಿಲ್ಲ’ ಎಂದು ಮಾತು ಮಾಡಿ. ಫಸಲಿಗೆ ದರ ಮಾತಾಡುವಷ್ಟೇ ಗಟ್ಟಿಯಾಗಿ ಮಾತಾಡಿ.

ಟಿಸಿ ಹತ್ತಿ ಫ್ಯೂಸು ಹಾಕುವುದು

*ನಮ್ಮಲ್ಲಿ ರಾತ್ರಿ ತ್ರೀ ಫೇಸ್ ಕೊಡುತ್ತಾರೆ. ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರ್) ಫ್ಯೂಸು ಹೋದರೆ ಯಾರೂ ಬರುವುದಿಲ್ಲ. ಸ್ವಿಚ್ ಎಳೆದು ನಮ್ಮ ಹುಡುಗರೇ ಹತ್ತಿ ಹಾಕುತ್ತಾರೆ. ಒಣಗುವ ಬೆಳೆ ನೋಡುತ್ತ ಕೂರಲಾಗುತ್ತದಾ?*
– ರೈತ, ಹಿರಿಯೂರು ತಾಲ್ಲೂಕು

ಬೆಳೆ ಒಣಗುವ ಸಂಕಟ ಅರ್ಥವಾಗುತ್ತದೆ. ಆದರೂ ಹತ್ತಿಸಬೇಡಿ. ಕಾರಣ ಹೇಳುತ್ತೇನೆ. ಕೆಳಗಿನ ಪೆಟ್ಟಿಗೆಯ ಫ್ಯೂಸು ತೆಗೆದರೆ ಪಂಪ್‌ಸೆಟ್ಟಿಗೆ ಹೋಗುವ ಕರೆಂಟು ನಿಲ್ಲುತ್ತದೆಯೇ ಹೊರತು ಮೇಲಿನ 11,000 ವೋಲ್ಟು ಹಾಗೇ ಇರುತ್ತದೆ. ಮೇಲಿನ ಸ್ವಿಚ್ ಎಳೆದಾಗ ಹಿಡಿ ಕೆಳಗೆ ಬಂದರೂ, ತುಕ್ಕು ಹಿಡಿದ ಮೂರು ಬ್ಲೇಡುಗಳಲ್ಲಿ ಒಂದು ಬಿಡದೆ ಅಂಟಿಕೊಂಡಿರಬಹುದು. ರಾತ್ರಿ ಟಾರ್ಚಿನ ಬೆಳಕಿನಲ್ಲಿ ಅದು ಕಾಣುವುದಿಲ್ಲ. ಇನ್ನೊಂದು ಹೊಲದವರು ಜನರೇಟರು ಹಾಕಿದ್ದರೆ ಟಿಸಿಯ ಮೂಲಕವೇ ಕರೆಂಟು ಹಿಂದಿನಿಂದ ಏರಿ ಬರಬಹುದು. 11 ಕೆ.ವಿ.ಯಲ್ಲಿ ತಂತಿ ಮುಟ್ಟಬೇಕೆಂದೇ ಇಲ್ಲ, ತೀರಾ ಹತ್ತಿರ ಹೋದರೂ ಸಾಕು.

ಇಲಾಖೆಯ ಪವರ್‌ಮ್ಯಾನ್ ಹತ್ತುವಾಗ ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ಪಡೆಯುತ್ತಾರೆ. ಕರೆಂಟು ಇಲ್ಲವೆಂದು ಪರೀಕ್ಷಿಸುತ್ತಾರೆ. ತಂತಿಗಳನ್ನು ಅರ್ಥ್ ರಾಡಿನಿಂದ ನೆಲಕ್ಕೆ ಕೂಡಿಸಿದ ಮೇಲೆ ಮುಟ್ಟುತ್ತಾರೆ. ಈ ಮೂರರಲ್ಲಿ ಒಂದನ್ನೂ ನಿಮ್ಮ ಹುಡುಗರು ಮಾಡಲಾರರು. 1912ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಡಿ. ಒಂದೇ ಟಿಸಿಯಲ್ಲಿ ಪದೇ ಪದೇ ಫ್ಯೂಸು ಹೋಗುತ್ತಿದ್ದರೆ ಲೋಡು ಹೆಚ್ಚಾಗಿದೆ ಎಂದರ್ಥ. ಆ ದೂರಿನ ಸಂಖ್ಯೆಗಳ ಪಟ್ಟಿ ಹಿಡಿದು ಹತ್ತು ಜನ ರೈತರು ಒಟ್ಟಿಗೆ ಉಪವಿಭಾಗದ ಕಚೇರಿಗೆ ಹೋಗಿ ಹೆಚ್ಚುವರಿ ಟಿಸಿ ಕೇಳಿ.

ನೀರುಗಂಟಿ ಮತ್ತು ಹೆಜ್ಜೇನು

*ನಮ್ಮ ಯಜಮಾನರು ಪಂಚಾಯಿತಿ ನೀರುಗಂಟಿ. ತಿಂಗಳಿಗೊಮ್ಮೆ ಓವರ್‌ಹೆಡ್ ಟ್ಯಾಂಕು ತೊಳೆಯಲು ಒಬ್ಬರೇ ಹತ್ತುತ್ತಾರೆ. ಏಣಿ ತುಕ್ಕು ಹಿಡಿದಿದೆ, ಈಗ ತಳದಲ್ಲಿ ಹೆಜ್ಜೇನು ಬೇರೆ ಕಟ್ಟಿದೆ.*
– ಗೃಹಿಣಿ, ಹೊಳಲ್ಕೆರೆ ತಾಲ್ಲೂಕು

ಜೇನು ಏಳುವವರೆಗೆ ಹತ್ತುವುದು ಬೇಡಮ್ಮ. ಹಗಲಿನಲ್ಲಿ ಹೊಗೆ ಹಾಕಿ ಕೆಣಕುವುದೂ ಬೇಡ. ಅನುಭವಸ್ಥರನ್ನು ಕರೆಸಿ ಕತ್ತಲಾದ ಮೇಲೆ ತೆಗೆಸಬೇಕು. ನೂರಾರು ಜೇನು ಒಮ್ಮೆಗೇ ಮುತ್ತಿದರೆ ಏಣಿಯ ಮೇಲಿದ್ದವನು ಕೈ ಬಿಡದೆ ಇರಲಾರ.

ತುಕ್ಕಿನ ಏಣಿ ಬದಲಿಸಿ, ಸುತ್ತ ರಕ್ಷಾ ಕಂಬಿ ಹಾಕಿಸುವುದು ಪಂಚಾಯಿತಿಯ ಜವಾಬ್ದಾರಿ. ಪಿಡಿಒ ಅವರಿಗೆ ಲಿಖಿತವಾಗಿ ಕೊಡಿ. ಟ್ಯಾಂಕಿನ ಒಳಗಿನ ಅಪಾಯ ಹೊರಗಿನದಕ್ಕಿಂತ ಕಡಿಮೆಯಲ್ಲ. ಮುಚ್ಚಿದ ಜಾಗದಲ್ಲಿ ಬ್ಲೀಚಿಂಗ್ ಪೌಡರಿನ ಗಾಳಿ ಉಸಿರುಗಟ್ಟಿಸುತ್ತದೆ. ಮುಚ್ಚಳ ತೆರೆದು ಗಾಳಿಯಾಡಲು ಬಿಟ್ಟು, ಮೇಲೆ ಒಬ್ಬರು ಕಾವಲಿದ್ದು, ಇಳಿದವರ ಬೆಲ್ಟಿಗೆ ಹಗ್ಗ ಕಟ್ಟಿ ಆಮೇಲೆ ಇಳಿಯಬೇಕು. ಒಳಗಿದ್ದವರು ಮಾತಾಡದಿದ್ದರೆ ಮೇಲಿದ್ದವರು ಹಗ್ಗ ಎಳೆಯಬೇಕೇ ವಿನಾ ತಾವೂ ಇಳಿಯಬಾರದು.

ಕೋಟೆ ಗೋಡೆ ಏರುವ ಹುಡುಗ

*ನನಗೆ 16 ವರ್ಷ. ಕೋತಿರಾಜ್ ಅಣ್ಣನ ತರ ಕೋಟೆ ಗೋಡೆ ಏರಬೇಕು. ಗೆಳೆಯರ ಜೊತೆ ಬಂಡೆ ಹತ್ತುತ್ತೇನೆ, ಮನೆಯಲ್ಲಿ ಗೊತ್ತಿಲ್ಲ. ಇದರಲ್ಲೇ ಕೆಲಸ ಸಿಗುತ್ತದಾ?*
– ವಿದ್ಯಾರ್ಥಿ, ಚಿತ್ರದುರ್ಗ

ಸಿಗುತ್ತದೆ ತಮ್ಮಾ. ಅದಕ್ಕೇ ನಿನ್ನ ಕೈಕಾಲು ನೆಟ್ಟಗಿರಬೇಕು. ನೀನು ಹೇಳುವ ಕೋತಿರಾಜ್, ಅಂದರೆ ಜ್ಯೋತಿರಾಜ್, ಬರಿಗೈಯಲ್ಲಿ ಕೋಟೆ ಏರಿ ನಾಡಿಗೇ ಹೆಸರಾದವರು. ಆದರೆ ಅಂಥವರಿಗೂ ಬಂಡೆ ಬಿಟ್ಟುಕೊಟ್ಟಿಲ್ಲ: 2018ರಲ್ಲಿ ಜೋಗದ ಕಣಿವೆಗೆ ಇಳಿದ ಅವರು ಮರುದಿನ ಸಿಗುವವರೆಗೆ ರಕ್ಷಣಾ ತಂಡ ಹುಡುಕಬೇಕಾಯಿತು. ನೀನು ನೋಡಿರುವುದು ಅವರು ಏರಿದ ವಿಡಿಯೊ. ಅದರ ಹಿಂದಿನ ವರ್ಷಗಟ್ಟಲೆ ಅಭ್ಯಾಸ ವಿಡಿಯೊದಲ್ಲಿ ಬರುವುದಿಲ್ಲ. ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ, ಅಲ್ಲಿ ನಿನ್ನ ಅಭ್ಯಾಸ ನಡೆಯುವಂತಿಲ್ಲ ಎಂಬುದೂ ನೆನಪಿರಲಿ.

ಗೋಡೆ ಏರುವುದು ಈಗ ಒಲಿಂಪಿಕ್ಸ್ ಕ್ರೀಡೆ. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಮೊದಲ ಬಾರಿಗೆ ಸೇರಿತು. ನಮ್ಮ ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಹಗ್ಗ, ಹೆಲ್ಮೆಟ್ಟಿನೊಂದಿಗೆ ಬಂಡೆ ಏರುವುದು ಕಲಿಸುತ್ತದೆ. ಮನೆಯಲ್ಲಿ ಹೇಳಿ ಸೇರು. 18 ತುಂಬಿದ ಮೇಲೆ ಹಗ್ಗದಲ್ಲಿ ಇಳಿದು ಕೆಲಸ ಮಾಡುವ ‘ರೋಪ್ ಆಕ್ಸೆಸ್’ ತಂತ್ರಜ್ಞನಾಗಬಹುದು. ಇರಾಟಾ ಎಂಬ ಸಂಸ್ಥೆ ಮೂರು ಹಂತದ ಪ್ರಮಾಣಪತ್ರ ಕೊಡುತ್ತದೆ. ಗಾಳಿಯಂತ್ರದ ರೆಕ್ಕೆ ರಿಪೇರಿ, ಸೇತುವೆ ಪರೀಕ್ಷೆ, ಎತ್ತರದ ಕಟ್ಟಡಗಳ ಗಾಜು, ಎಲ್ಲ ಕಡೆ ಅವರಿಗೆ ಕೆಲಸವಿದೆ. ಅಲ್ಲಿನ ಮೊದಲ ನಿಯಮ, ಒಂದಲ್ಲ ಎರಡು ಹಗ್ಗ, ಎರಡಕ್ಕೂ ಬೇರೆ ಬೇರೆ ಆಧಾರ.

ಬಾಂಡ್ ಪೇಪರಿಗೆ ಸಹಿ

*ನನ್ನ ತಂಗಿಯ ಗಂಡ, 30 ವರ್ಷ, ಚಿತ್ರದುರ್ಗದಲ್ಲಿ ವಾಣಿಜ್ಯ ಕಟ್ಟಡಕ್ಕೆ ಬಣ್ಣ ಬಳಿಯುವಾಗ ಸಾರುವೆ ಮುರಿದು ಬಿದ್ದು ತೀರಿಕೊಂಡರು. ಗುತ್ತಿಗೆದಾರ ಎರಡು ಲಕ್ಷ ಕೊಟ್ಟು, ಇನ್ನು ಯಾವ ಹಕ್ಕೂ ಇಲ್ಲ ಎಂದು ಬಾಂಡ್ ಪೇಪರಿನಲ್ಲಿ ಸಹಿ ಮಾಡಿಸಿಕೊಂಡಿದ್ದಾನೆ. ‘ಅವನು ಬೆಲ್ಟು ಹಾಕಿರಲಿಲ್ಲ, ತಪ್ಪು ಅವನದೇ’ ಅನ್ನುತ್ತಾನೆ.*
– ಓದುಗ, ಚಿತ್ರದುರ್ಗ

ಆ ಸಹಿಗೆ ಬೆಲೆಯಿಲ್ಲ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಸಾವಿನ ಪ್ರಕರಣದಲ್ಲಿ ಪರಿಹಾರವನ್ನು ಮನೆಯವರ ಕೈಗೆ ಕೊಟ್ಟು ಮುಗಿಸುವಂತಿಲ್ಲ. ಪರಿಹಾರ ತೀರ್ಮಾನಿಸುವ ಅಧಿಕಾರಿಯ ಮುಂದೆ ಠೇವಣಿ ಇಡಬೇಕು. ‘ಬೆಲ್ಟು ಹಾಕಿರಲಿಲ್ಲ’ ಎಂಬ ವಾದ ಗಾಯದ ಪ್ರಕರಣದಲ್ಲಿ ನಡೆದೀತು, ಸಾವಾದಾಗ ಅದರಿಂದ ಮಾಲೀಕ ತಪ್ಪಿಸಿಕೊಳ್ಳಲಾರ.

ಲೆಕ್ಕ ಹೀಗೆ. 1923ರ ನೌಕರರ ಪರಿಹಾರ ಕಾಯಿದೆಯ ಸೂತ್ರವೇ ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ಗೊತ್ತುಪಡಿಸಿದ ಅಂಕಿಯಿಂದ ಗುಣಿಸಬೇಕು. 30 ವರ್ಷಕ್ಕೆ ಆ ಅಂಕಿ 207.98. ಕೂಲಿ ಎಷ್ಟೇ ಇದ್ದರೂ 2020ರ ಜನವರಿಯ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವುದು 15,000 ರೂಪಾಯಿವರೆಗೆ. ನಿಮ್ಮ ಭಾವನವರ ದುಡಿಮೆ ಅಷ್ಟಿದ್ದರೆ 7,500ಕ್ಕೆ 207.98 ಗುಣಿಸಿ: 15,59,850 ರೂಪಾಯಿ. ಕೊಟ್ಟ ಎರಡು ಲಕ್ಷವನ್ನು ಇದರ ಪಕ್ಕ ಇಟ್ಟು ನೋಡಿ.

ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ವಯಸ್ಸಿನ ದಾಖಲೆ, ಕೂಲಿ ಕೊಟ್ಟ ಫೋನ್‌ಪೇ ಸಂದೇಶ, ಜೊತೆಗೆ ಕೆಲಸ ಮಾಡಿದವರ ಹೇಳಿಕೆ ಕೂಡಿಸಿ. ಗುತ್ತಿಗೆದಾರನ ಜೊತೆ ವ್ಯಾಪಾರಕ್ಕಾಗಿ ಕಟ್ಟಿಸಿದ ಮೂಲ ಮಾಲೀಕರನ್ನೂ ಸೇರಿಸಿ. ಪರಿಹಾರದ ಅರ್ಜಿ ಹಾಕಲು ಎರಡು ವರ್ಷ ದಾಟಿಸಬೇಡಿ. ವಕೀಲರ ಖರ್ಚಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ತೀರಿಕೊಂಡವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿದ್ದರೆ ಅಲ್ಲಿಯ ಸಹಾಯಧನ ಬೇರೆ. ಇದನ್ನು ಓದುತ್ತಿರುವ ಇತರ ಬಣ್ಣದವರು, ಗಾರೆಯವರು ವರ್ಷಕ್ಕೆ 90 ದಿನ ದುಡಿದಿದ್ದರೆ ಸಾಕು, ಇಂದೇ ನೋಂದಾಯಿಸಿ.

ಚುಟುಕು ಪ್ರಶ್ನೆಗಳು

*ಬಿದ್ದಾಗ ಬೆಲ್ಟು ಹಿಡಿದುಕೊಂಡಿತು ಅಂದಮೇಲೆ ಬಚಾವಾದಂತೆ ತಾನೆ?* – ಹಿರಿಯೂರು

ಇಲ್ಲ. ಅಲುಗಾಡದೆ ನೇತಾಡಿದರೆ ಕಾಲಿನಲ್ಲಿ ರಕ್ತ ನಿಂತು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಕಾಲು ಆಡಿಸುತ್ತಿರಬೇಕು, ಬೇಗ ಇಳಿಸಬೇಕು. ಆಂಬುಲೆನ್ಸಿನವರು ಟವರು ಹತ್ತಲಾರರು, ಇಳಿಸುವ ವ್ಯವಸ್ಥೆ ನಿಮ್ಮದೇ ಇರಲಿ. ಇಳಿಸಿದ ಮೇಲೆ ಕೂರಿಸಿಡಬೇಕೆಂಬ ಹಳೆಯ ಮಾತು ಬಿಟ್ಟು ಮಲಗಿಸಿ, ಉಸಿರಾಟ ನೋಡಿ.

*ಎರಡು ಮೀಟರಿನ ಹಗ್ಗವಿದ್ದರೆ ಒಂದನೇ ಮಹಡಿಯಲ್ಲೂ ಸಾಕೇ?* – ಹೊಸದುರ್ಗ

ಸಾಲದು. ಹಗ್ಗದ ಉದ್ದ, ಆಘಾತ ತಡೆಯುವ ಪಟ್ಟಿ ಬಿಚ್ಚಿಕೊಳ್ಳುವ ಉದ್ದ, ನಿಮ್ಮ ಎತ್ತರ ಕೂಡಿದರೆ ಕೆಳಗೆ ಸುಮಾರು ಆರು ಮೀಟರು ಖಾಲಿ ಬೇಕು. ಅದಕ್ಕಿಂತ ಕಡಿಮೆಯಿದ್ದರೆ ಬೆಲ್ಟು ಬಿಗಿಯುವ ಮೊದಲೇ ನೆಲ ಸಿಗುತ್ತದೆ. ಅಂಥಲ್ಲಿ ಕೊಂಡಿಯನ್ನು ತಲೆಗಿಂತ ಮೇಲೆ ಹಾಕಿ, ಹಗ್ಗ ಗಿಡ್ಡ ಮಾಡಿ.

*ಮೇಲಿಂದ ಸ್ಪ್ಯಾನರು ಬಿದ್ದರೆ ಹೆಲ್ಮೆಟ್ಟು ತಡೆಯುತ್ತದೆಯೇ?* – ಚಿತ್ರದುರ್ಗ

80 ಮೀಟರಿನಿಂದ ಬಿದ್ದ ಸ್ಪ್ಯಾನರು ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಹೆಲ್ಮೆಟ್ಟು ನಂಬಬೇಡಿ. ಸಲಕರಣೆಗೆ ದಾರ ಕಟ್ಟಿ, ಕೆಳಗೆ ಯಾರೂ ನಿಲ್ಲದಂತೆ ಟೇಪು ಎಳೆಯಿರಿ.

*ಹುಡುಗಿಯರು ಗಾಳಿಯಂತ್ರದ ಕೆಲಸಕ್ಕೆ ಸೇರಬಹುದೇ?* – ಹೊಳಲ್ಕೆರೆ

ಧಾರಾಳವಾಗಿ. ಬೆಲ್ಟು ದೇಹದ ಅಳತೆಗೆ ಸರಿಹೊಂದುವುದನ್ನೇ ಕೇಳಿ ಪಡೆಯಿರಿ. ತೂಕದ ಕನಿಷ್ಠ, ಗರಿಷ್ಠ ಮಿತಿ ಸಾಧನದ ಮೇಲೇ ಅಚ್ಚಾಗಿರುತ್ತದೆ.

*ಒಂದು ಸಲ ಬಿದ್ದಾಗ ಹಿಡಿದ ಬೆಲ್ಟನ್ನು ಮತ್ತೆ ಬಳಸಬಹುದೇ?* – ಹಿರಿಯೂರು

ಬಾರದು. ಕತ್ತರಿಸಿ ಎಸೆಯಿರಿ. ಹಾಗೇ ಎಸೆದರೆ ಯಾರಾದರೂ ಎತ್ತಿಕೊಂಡು ಹೋಗಿ ಕಟ್ಟಿಕೊಳ್ಳುತ್ತಾರೆ.

*ಇಷ್ಟೆಲ್ಲ ನೋಡಿಕೊಂಡು ಕೂತರೆ ಕೆಲಸ ಸಾಗುವುದು ಯಾವಾಗ?* – ತೋಟದ ಮಾಲೀಕ, ಹೊಸದುರ್ಗ

ಬೆಲ್ಟು ತೊಟ್ಟು, ಒಬ್ಬರ ಕೊಂಡಿಯನ್ನು ಇನ್ನೊಬ್ಬರು ಎಳೆದು ನೋಡಲು ಐದು ನಿಮಿಷ ಸಾಕು. ಆ ಐದು ನಿಮಿಷ ಹತ್ತುವವನಿಗೆ ಸಿಗದಿರುವುದಕ್ಕೆ ಕಾರಣ ಅವನ ಉಡಾಫೆಯಲ್ಲ, ನೀವು ಮರಕ್ಕೆ ಇಷ್ಟು ಎಂದು ಕೊಡುವ ಕೂಲಿ. ಮರದ ಲೆಕ್ಕದಲ್ಲಿ ದುಡಿಯುವವನಿಗೆ ಬೆಲ್ಟು ಕಟ್ಟುವ ಹೊತ್ತು ನಷ್ಟದ ಹೊತ್ತು. ಈ ಸಲ ದಿನದ ಲೆಕ್ಕಕ್ಕೆ ಮಾತಾಡಿ, ಬೆಲ್ಟು ನೀವೇ ತಂದುಕೊಡಿ. ಕಾಯಿ ನಾಲ್ಕು ಮರದಷ್ಟು ಕಡಿಮೆ ಇಳಿದೀತು, ಇಳಿಸಿದವನು ನಾಳೆಯೂ ಬರುತ್ತಾನೆ.